ರಟ್ಟಿನ ಕೆಳಗಿನ ಕೈಗಳು

ಲಾಕ್‌ಡೌನ್ ಸಡಿಲಿಸಿ, ರಾಜ್ಯ ದಾಟಬಹುದೆಂದು ಇಲ್ಲಿನ ಸರ್ಕಾರ ಹೇಳಿದ ಮೊದಲ ಶನಿವಾರವೇ ಪುಚೊಂಗ್‌ನಿಂದ ಮೆಲಾಕಾಕ್ಕೆ ಹೊರಟೆವು. ಕಾರಿನಲ್ಲಿ ಎರಡು ಗಂಟೆಯ ದಾರಿ, ಉದ್ದಕ್ಕೂ ಸುಡು ಬಿಸಿಲು. ಗಂಡ ರಘುವಿಗೆ ಸಮುದ್ರ ನೋಡುವ ಆಸೆ. ನನಗೆ ಒಂದು ಪೆನ್ಸಿಲ್ ಚಿತ್ರದ ಸಿಟ್ಟು. ಮೆಲಾಕಾದಲ್ಲಿ ಮೆಡಿಕಲ್ ಪಾಠ ಮಾಡುವ ಹುಬ್ಬಳ್ಳಿಯ ಡಾಕ್ಟರ್ ಸಾಬಿರಾ ಅದರ ಫೋಟೊ ಕಳಿಸಿದ್ದರು. ಹಳೆ ಮನೆಯೊಂದರ ಸಾಮಾನಿನಲ್ಲಿ ಅವರಿಗೆ ಸಿಕ್ಕಿತಂತೆ, ಈಗ ಅವರ ಗೋಡೆಯ ಮೇಲಿದೆ. ನೂರೈವತ್ತು ವರ್ಷದ ಹಿಂದಿನ ಹೆಂಗಸು. ಚೌಕಟ್ಟಿನ ಮೇಲೆ ಚೀಟಿ: ‘ಶಿಲ್ಪಿಯ ಹೆಂಡತಿ, ರೋಮ್’. ಸೋಮವಾರ ಅದೇ ಚೀಟಿ ಹೊತ್ತು ಚಿತ್ರ ಪ್ರದರ್ಶನಕ್ಕೆ ಹೋಗಲಿತ್ತು.

ಹೆಂಡತಿಯಂತೆ! ಬಲಭುಜ ಎಡಕ್ಕಿಂತ ದಪ್ಪ, ತಲೆಗೆ ಬಿಗಿದು ಕಟ್ಟಿದ ಬಟ್ಟೆ. ಮೈಸೂರಿನಲ್ಲಿ ಹನ್ನೆರಡು ವರ್ಷ ಕಲ್ಲು ಕೆತ್ತಿದವಳು ನಾನು. ದೂಳಿಗೆ ಹಾಗೆ ಬಟ್ಟೆ ಕಟ್ಟುವವರು ಯಾರೆಂದು ನನಗೆ ಗೊತ್ತಿಲ್ಲವೇ? ನನ್ನ ವೀಸಾದಲ್ಲೂ ‘ಅವಲಂಬಿತೆ’ ಎಂದೇ ಇದೆ, ಕೆಲಸ ಮಾಡುವಂತಿಲ್ಲ. ಉಳಿಗಳು ಸ್ಟೋರ್ ರೂಮಿನಲ್ಲಿ ಅಕ್ಕಿ ಡಬ್ಬದ ಹಿಂದೆ ಕೂತಿವೆ.

ಸಾಬಿರಾ ಅವರ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕಾವಲಿನವರು ಜ್ವರ ನೋಡಿ, ರಿಜಿಸ್ಟರ್ ಚಾಚಿದರು. ರಘು ತನ್ನ ಹೆಸರು ಬರೆದು, ಪಕ್ಕದಲ್ಲಿ ‘ಪ್ಲಸ್ ಒನ್’ ಎಂದು ಗೀಚಿದ.

“ನಂಗೆ ಹೆಸರಿಲ್ವಾ?”

“ಹಿಂದೆ ಕಾರ್‌ಗಳು ನಿಂತಿವೆ ಕಣೇ. ಎಲ್ಲದಕ್ಕೂ ಜಗಳ ಬೇಡ.”

ಮಾಸ್ಕಿನೊಳಗೆ ಹಲ್ಲು ಕಚ್ಚಿದೆ.

“ಬರ್ರಿ, ನಾಸಿ ಲೆಮಾಕ್ ತಪಾವ್ ತರಿಸೀನಿ, ಮೊದ್ಲ ಊಟ ಮಾಡ್ರಿ” ಎಂದರು ಮನೆ ಬಾಗಿಲು ತೆರೆದ ಸಾಬಿರಾ, ಹೋಟೆಲಿಂದ ಕಟ್ಟಿಸಿ ತಂದ ತೆಂಗಿನಹಾಲಿನ ಅನ್ನದ ಪೊಟ್ಟಣ ತೋರಿಸುತ್ತ.

“ಮೊದಲು ಚಿತ್ರದ ಸುತ್ತಲಿನ ರಟ್ಟು ತೆಗೀಬೇಕು ಡಾಕ್ಟ್ರೇ. ಭುಜದ ಕೆಳಗೆಲ್ಲ ಅದು ಮುಚ್ಚಿಬಿಟ್ಟಿದೆ.”

“ಹರದ್ರ ಏನ್ ಮಾಡೂದ್ರಿ?”

“ಹರಿದ್ರೆ ನನ್ನ ಬೈರಿ. ಹೀಗೇ ಹೋದ್ರೆ ಅವಳು ಯಾವಾಗ್ಲೂ ಯಾರದೋ ಹೆಂಡ್ತಿ.”

ಚೌಕಟ್ಟಿನ ಹಿಂದಿನ ಮೊಳೆ ಕಿತ್ತು, ಮೊಟ್ಟೆಯಾಕಾರಕ್ಕೆ ಕೊರೆದ ರಟ್ಟನ್ನು ಮೆಲ್ಲಗೆ ಎತ್ತಿದೆ. ಕೆಳಗೆ ಎರಡು ಕೈಗಳಿದ್ದವು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲೇ ಬರೆದಿತ್ತು: ‘ಆಗ್ನೆಸ್, ಶಿಲ್ಪಿ, ರೋಮ್’. ಮುಖವಷ್ಟೇ ಚೆಂದ ಕಾಣಲೆಂದು ಯಾವನೋ ಅವಳ ಕೈಗಳನ್ನೇ ಮುಚ್ಚಿಬಿಟ್ಟಿದ್ದ. ಥೂ, ಅವನ ಚೆಂದಕ್ಕೆ ಬೆಂಕಿ ಬೀಳ! ಸಿಟ್ಟಿಗೆ ನನಗೆ ಅಳು ಬಂತು.

“ದಿನಾ ನೋಡ್ತಿದ್ನಲ್ರಿ ನಾನು” ಎಂದು ಸಾಬಿರಾ ಚೀಟಿ ಹರಿದರು. “ಹೆಂಡ್ತಿ ಅಂತ ಬರದಿತ್ತು, ನಂಬಿಬಿಟ್ಟೆ.”

ರಘು ಚಿತ್ರದ ಕೈ ನೋಡಿದ, ನನ್ನ ಕೈ ನೋಡಿದ.

ವಾಪಸ್ ಹೊರಡುವಾಗ ಗೇಟಿನಲ್ಲಿ ಮತ್ತೆ ಅದೇ ರಿಜಿಸ್ಟರ್. ರಘು ಪೆನ್ನಿಗೆ ಕೈ ಚಾಚುವ ಮೊದಲೇ ಕಿತ್ತುಕೊಂಡೆ. ‘ಪ್ಲಸ್ ಒನ್’ ಹೊಡೆದುಹಾಕಿ, ‘ಶಾರದಾ, ಶಿಲ್ಪಿ’ ಎಂದು ಬರೆಯತೊಡಗಿದೆ. ಹಿಂದಿನ ಕಾರುಗಳು ಹಾರ್ನ್ ಬಾರಿಸಿದವು. ಬಾರಿಸಲಿ ಎಂದು ಪ್ರತಿ ಅಕ್ಷರವನ್ನೂ ಎರಡೆರಡು ಸಲ ತಿದ್ದಿದೆ.