ಸಕ್ಕರೆಯಣ್ಣ ಹೊತ್ತು ತಂದ ಸುದ್ದಿ

ಸಲೂನಿಗೆ ಬರುವವರೆಲ್ಲ ಅವನನ್ನು ಸಕ್ಕರೆಯಣ್ಣ ಎಂದೇ ಕರೆಯುತ್ತಿದ್ದರು. ಅವನ ಕತ್ತರಿಗಿಂತ ಬಾಯಿಯೇ ಚುರುಕು. ನೆತ್ತಿ ಬೋಳಾದವರಿಗೆ ಹಿಂದಿನಿಂದ ಕೈಗನ್ನಡಿ ಹಿಡಿಯುವಾಗ ಅದನ್ನು ಎಷ್ಟು ಓರೆ ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುತ್ತಿಗೆಯ ಮೇಲಿನ ನೀಟಾದ ಅಂಚು ಕಾಣುತ್ತಿತ್ತು, ನೆತ್ತಿ ಕಾಣುತ್ತಿರಲಿಲ್ಲ. "ಏನ್ ಸ್ವಾಮಿ, ಈ ಕೂದ್ಲಿಗೆ ಇನ್ನೊಂದ್ಸಲ ಹೆಣ್ಣು ಕೊಡ್ತಾರೆ" ಎಂದರೆ ಗಿರಾಕಿ ನಗುತ್ತ ಎದ್ದು ಹೋಗುತ್ತಿದ್ದ. ಯಾರ ಗಂಟೂ ಹೋಗದ ಸುಳ್ಳು. ಆ ಚಾಳಿಯನ್ನೇ ಅವನು ಆಸ್ಪತ್ರೆಗೂ ತಂದ.

ಏಳು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಔಷಧಿಗೆ ಕೂದಲು ಉದುರತೊಡಗಿದಾಗ ಅಂಗಡಿಯ ಮಷೀನು ತಂದು ತಾನೇ ಅವಳ ತಲೆ ಬೋಳಿಸಿದ್ದ. "ಇಷ್ಟು ಚೆಂದದ ತಲೆ ನನ್ನ ಸರ್ವೀಸಲ್ಲೇ ನೋಡಿಲ್ಲ" ಎಂದು ಅವಳನ್ನು ನಗಿಸಿ, ಆಮೇಲೆ ಬಚ್ಚಲ ಬಾಗಿಲು ಹಾಕಿಕೊಂಡು ಅತ್ತಿದ್ದ.

ಆ ವಾರ್ಡಿನಲ್ಲಿ ಮಗುವಿನ ಜೊತೆ ಒಬ್ಬರಿಗೆ ಮಾತ್ರ ಪಾಸು. ತಾಯಿ ಹಾಸಿಗೆ ಬಿಟ್ಟು ಕದಲುತ್ತಿರಲಿಲ್ಲ. ಹಾಗಾಗಿ ಡಾಕ್ಟರಮ್ಮ ಹೇಳಿದ್ದನ್ನು ಕೇಳಿಸಿಕೊಳ್ಳುವವನೂ ಅವನೇ, ವಾರ್ಡಿನ ಬಾಗಿಲಲ್ಲಿ ನಿಂತು ಅದನ್ನು ಹೆಂಡತಿಗೆ ಒಪ್ಪಿಸುವವನೂ ಅವನೇ. ಡಾಕ್ಟರಮ್ಮ ಒಳ್ಳೆಯವರು, ಬಿಡಿಸಿ ಹೇಳುವವರು. ಆದರೆ ಹೇಳಿದ ಮಾತು ಆಚೆ ಬಾಗಿಲಿಗೆ ಏನಾಗಿ ತಲುಪುತ್ತದೆ ಎಂದು ಹೋಗಿ ನೋಡುವ ಪುರುಸೊತ್ತು ಅವರಿಗಿರಲಿಲ್ಲ. ಅವರು ಸೋಂಕು ಅಂದರೆ ಇವನು ಶೀತ ಅನ್ನುತ್ತಿದ್ದ. ಅವರು ಭಯವಿದೆ ಅಂದರೆ ಇವನು "ಸ್ವಲ್ಪ ಏರುಪೇರು, ಅಷ್ಟೇ" ಅನ್ನುತ್ತಿದ್ದ.

ಕಾಯಿಲೆ ಮರಳಿ ಬಂತೆಂದು ತಿಳಿದ ದಿನ ಡಾಕ್ಟರಮ್ಮ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಅವನೆದುರೇ ಕೂತರು.

"ಈ ಔಷಧಿ ಕೆಲಸ ಮಾಡ್ತಾ ಇಲ್ಲ. ಇನ್ನೊಂದಿದೆ, ತುಂಬ ಕಠಿಣ. ಬೆನ್ನಿಗೆ ಮತ್ತೆ ಮತ್ತೆ ಸೂಜಿ, ಬಾಯೆಲ್ಲ ಹುಣ್ಣು. ಅಷ್ಟು ಮಾಡಿದ್ರೂ ಉಳಿಯೋದು ಕಷ್ಟ. ಅದು ಬೇಡ ಅಂದ್ರೆ ನೋವಿಗೆ ಔಷಧಿ ಕೊಡ್ತೀವಿ, ಮನೇಲೇ ಆರಾಮಾಗಿ ಇಟ್ಕೊಳ್ಳಿ. ಮನೆಯವರ ಹತ್ರ ಮಾತಾಡಿ. ಇಬ್ಬರೂ ಸೇರಿ ಹೇಳಿ."

ಅವನು ಎದ್ದು ಹೊರಟ. ವಾರ್ಡಿನ ಬಾಗಿಲಿಗೆ ಬರುವಾಗ ನಿಜ ಹೇಳಬೇಕೆಂದೇ ಬಂದ. ಹೆಂಡತಿಯ ಮುಖ ಕಂಡಿತು.

"ಏನಂದ್ರು ರೀ?"

"ಬೇರೆ ಔಷಧಿ ಇದೆಯಂತೆ. ಇದಕ್ಕಿಂತ ಜೋರು. ಸ್ವಲ್ಪ ಒದ್ದಾಡ್ತಾಳೆ, ತಡ್ಕೊಂಡ್ರೆ ವಾಸಿಯಾಗುತ್ತಂತೆ."

"ಮತ್ತೆ ಕೇಳೋದೇನಿದೆ? ಕೊಡ್ಲಿ."

ಹೋದಷ್ಟೇ ಬೇಗ ವಾಪಸು ಬಂದವನನ್ನು ಡಾಕ್ಟರಮ್ಮ "ಎಲ್ಲ ಹೇಳಿದ್ರಾ?" ಎಂದು ಕೇಳಿದರು. "ಎಲ್ಲ ಹೇಳ್ದೆ ಮೇಡಂ. ಇಬ್ರೂ ಒಪ್ಪಿದ್ದೀವಿ." ಅವರು ತಲೆಯಾಡಿಸಿ ಮುಂದಿನವರನ್ನು ಕರೆದರು.

ಇದನ್ನು ಕೇಳಿದ ಯಾರಿಗಾದರೂ ಅವನ ಕೆನ್ನೆಗೆ ನಾಲ್ಕು ಬಾರಿಸಬೇಕು ಅನ್ನಿಸುತ್ತದೆ. ಆದರೆ ಅವನು ಯಾರ ಕಣ್ಣಿಗೂ ಮಣ್ಣೆರಚಲು ಹೊರಟಿರಲಿಲ್ಲ. ಹೆಂಡತಿಗೆ ಹೇಳಿದ್ದನ್ನು ಆ ರಾತ್ರಿ ಮಲಗುವಷ್ಟರಲ್ಲಿ ತಾನೇ ನಂಬಿಬಿಟ್ಟಿದ್ದ. ಸಂಕಟದಲ್ಲಿರುವ ಮನುಷ್ಯ ಇದಕ್ಕಿಂತ ದೊಡ್ಡ ಪೆದ್ದನೂ ಆಗಬಲ್ಲ.

ಅವನ ಸುಳ್ಳಿಗೆ ಬೆಲೆ ತೆತ್ತವಳು ಮಗಳು. "ಅಮ್ಮಾ, ಸಾಕು, ಮನೆಗೆ ಹೋಗೋಣ" ಎಂದು ಅವಳು ಗೋಗರೆದಾಗ ತಾಯಿ ಮುದ್ದಿಸಿದಳು, ಗದರಿದಳು. "ಇದೊಂದು ತಡ್ಕೊ, ವಾಸಿ ಮಾಡ್ಕೊಂಡೇ ಮನೆಗೆ ಹೋಗೋಣ." ಒಮ್ಮೆ ಅವಳು ಕಿರುಚಿ ಸೂಜಿ ಹಾಕುವವರ ಕೈ ತಳ್ಳಿದಾಗ ತಾಯಿ ತೊಡೆಗೆ ಪಟ್ಟೆಂದು ಏಟು ಕೊಟ್ಟಳು. ಅಂದಿನಿಂದ ಮಗಳು ಹಟ ಬಿಟ್ಟಳು. ಸಿಸ್ಟರ್ ಟ್ರೇ ತಂದರೆ ಸಾಕು, ತಾನೇ ಮಗ್ಗುಲಾಗಿ ಮಂಡಿಯನ್ನು ಹೊಟ್ಟೆಗೆ ಎಳೆದುಕೊಂಡು ಗದ್ದ ಎದೆಗೊತ್ತಿ ಮಲಗುತ್ತಿದ್ದಳು. ಜಾಣೆ ಎಂದು ಎಲ್ಲರೂ ಹೊಗಳಿದರು.

ಸೋಂಕು ಶ್ವಾಸಕೋಶಕ್ಕೆ ಇಳಿದು ಆಕ್ಸಿಜನ್ ಹಾಕಿದ ಮೇಲೆ, ಡಾಕ್ಟರಮ್ಮ ಮೊದಲ ಬಾರಿಗೆ ಗಂಡಹೆಂಡತಿಯನ್ನು ಒಟ್ಟಿಗೆ ಕೂರಿಸಿಕೊಂಡರು.

"ಹೀಗಾಗಬಹುದು ಅಂತ ನಿಮ್ಮ ಯಜಮಾನ್ರಿಗೆ ಅವತ್ತೇ ಹೇಳಿದ್ದೆನಮ್ಮ. ಉಳಿಯೋದು ಕಷ್ಟ ಅಂತ ಗೊತ್ತಿದ್ದೂ ನೀವಿಬ್ಬರೂ ಬೇಕು ಅಂದ್ರಿ..."

ತಾಯಿ ಗಂಡನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಡಾಕ್ಟರಮ್ಮನಿಗೆ ಎಲ್ಲ ಅರ್ಥವಾಗಿ ಮಾತು ಅರ್ಧಕ್ಕೇ ನಿಂತಿತು. "ನಾನು ನಿಮ್ಮನ್ನೇ ಕೇಳ್ಬೇಕಾಗಿತ್ತು" ಎಂದರು.

"ಈಗ ಮನೆಗೆ ಕರ್ಕೊಂಡು ಹೋಗ್ತೀನಿ."

"ಈಗ ಆಗಲ್ಲಮ್ಮ. ದಾರೀಲೇ ಹೋಗಿಬಿಡ್ತಾಳೆ. ಇನ್ನು ಸೂಜಿ ಹಾಕಲ್ಲ. ನೋವಾಗದ ಹಾಗೆ ನೋಡ್ಕೊಳ್ತೀವಿ."

ಹೊರಗೆ ಬಂದ ಮೇಲೆ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಮನೆಗೆ ಹೋಗೋಣ ಅಂತ ಅಷ್ಟು ಬೇಡ್ಕೊಂಡ್ಲು. ನಾನು ಹೊಡ್ದೆ" ಎಂದಳು. "ವಾಸಿಯಾಗುತ್ತೆ ಅಂತ ಹೊಡ್ದೆ ರೀ." ಪಾಸನ್ನು ಅವನ ಕೈಗೆ ತುರುಕಿದಳು. "ಹೋಗಿ. ಮನೆಗೆ ಹೋಗಕ್ಕಾಗಲ್ಲ ಅಂತ ನೀವೇ ಅವಳಿಗೆ ಹೇಳಿ. ಇನ್ನು ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅವನು ಒಳಗೆ ಹೋದ. ಮಗಳು ಕಣ್ಣು ತೆರೆದಳು. ಅಪ್ಪ ಬಂದದ್ದು ಸೂಜಿಗೇ ಇರಬೇಕು ಎಂದುಕೊಂಡು ಕಷ್ಟಪಟ್ಟು ಮಗ್ಗುಲಾಗಿ ಮಂಡಿ ಎಳೆದುಕೊಂಡಳು.

"ಸೂಜಿ ಇಲ್ಲ ಮಗಳೇ."

"ನಾಳೆ?"

"ನಾಳೇನೂ ಇಲ್ಲ."

"ಹಾಗಾದ್ರೆ ವಾಸಿಯಾಯ್ತಾ? ಮನೆಗಾ?"

ಬಾಯ ತುದಿಗೆ ಹತ್ತು ಮಾತು ಬಂದವು, ಹತ್ತೂ ಸಿಹಿ. ಅವನು ಅವನ್ನು ನುಂಗಿಕೊಂಡ. "ಇಲ್ಲಮ್ಮ. ವಾಸಿಯಾಗಲಿಲ್ಲ. ಮನೆಗೆ ಹೋಗಕ್ಕಾಗಲ್ಲ. ನಾವಿಬ್ರೂ ನಿನ್ನ ಹತ್ರಾನೇ ಇರ್ತೀವಿ."

ಮಗಳು ಎಳೆದುಕೊಂಡಿದ್ದ ಮಂಡಿಯನ್ನು ಮೆಲ್ಲಗೆ ಚಾಚಿದಳು. ಆಮೇಲೆ ಬಾಗಿಲ ಗಾಜಿನಾಚೆ ನಿಂತ ತಾಯಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಹುಣ್ಣಾದ ತುಟಿಯನ್ನು ಅವನ ಕಿವಿಯ ಹತ್ತಿರ ತಂದಳು.

"ಅಪ್ಪಾ, ಅಮ್ಮಂಗೆ ಹೇಳ್ಬೇಡ. ಅಳ್ತಾಳೆ."