ಗೌರಕ್ಕನಿಗೆಂದು ತೋಡಿದ ಕೊಳ

ಬೆಳಗ್ಗೆ ಅಡುಗೆಮನೆಯ ಮೂಲೆಯ ಮಣ್ಣಿನ ಮಡಕೆಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡೆ. ಹೆಂಡತಿ ನಿನ್ನೆ ಅದರೊಳಗೆ ಲಾವಂಚದ ಬೇರಿನ ಸಣ್ಣ ಕಟ್ಟೊಂದನ್ನು ಹಾಕಿದ್ದಾಳೆ. ಚೆನ್ನೈಯಲ್ಲಿ ಬೇಸಿಗೆ ಬಂತೆಂದರೆ ಎಷ್ಟೋ ಮನೆಗಳಲ್ಲಿ ಇದು ರೂಢಿ. ಬೇರು ನೆನೆದ ನೀರು ಗಂಟಲಿಗಿಂತ ಮೊದಲು ಮೂಗನ್ನು ತಣ್ಣಗೆ ಮಾಡುತ್ತದೆ. ಇದು ಅಂಗಡಿಯಿಂದ ತಂದ ಬೇರಲ್ಲ, ನಮ್ಮ ಹಿತ್ತಲಿನ ಕೊಳದ ಅಂಚಿನಿಂದ ಕಿತ್ತದ್ದು. ಆ ವಾಸನೆಗೆ ಕೊಳದ ಕಥೆಯೆಲ್ಲ ನೆನಪಿಗೆ ಬಂದು, ಅರ್ಧ ಲೋಟಕ್ಕೇ ನೀರು ಸಾಕಾಯಿತು. ನಿಮಗೆ ಬಿಡುವಿದ್ದರೆ ಕುಳಿತುಕೊಳ್ಳಿ, ಹೇಳುತ್ತೇನೆ.

ಕೊಳವೆಂದರೆ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಚೆನ್ನೈಯ ಅಂಚಿನ ಶೋಳಿಂಗನಲ್ಲೂರಿನ ಒಳಗಲ್ಲಿಯೊಂದರಲ್ಲಿ ನಮ್ಮದೊಂದು ಸಣ್ಣ ಮನೆ. ಗಿಂಡಿ ಬಡಾವಣೆಯ ವಿಮೆ ಕಚೇರಿಯಲ್ಲಿ ಕೆಲಸದಲ್ಲಿದ್ದಾಗ ನಾನು ಇಲ್ಲಿ ಜಾಗ ಕೊಂಡದ್ದಕ್ಕೆ ಜೊತೆಯವರು ನಕ್ಕಿದ್ದರು. ಆಗ ಇಲ್ಲಿ ಮುಳ್ಳುಜಾಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಗಲ್ಲಿಯ ಬಾಯಲ್ಲಿ ಆಫೀಸ್ ಕ್ಯಾಬುಗಳು ಸಾಲುಗಟ್ಟಿ ನಿಲ್ಲುತ್ತವೆ, ನಕ್ಕವರೇ ಫೋನು ಮಾಡಿ ಅಲ್ಲೆಲ್ಲಾದರೂ ಜಾಗ ಇದ್ದರೆ ಹೇಳಿ ಎನ್ನುತ್ತಾರೆ. ಮನೆಯ ಹಿಂದೆ ನಾಲ್ಕಾರು ತೆಂಗಿನ ಮರ ಹಿಡಿಯುವಷ್ಟು ಹಿತ್ತಲು. ನಿವೃತ್ತನಾದ ಹೊಸದರಲ್ಲಿ ಅಲ್ಲೊಂದು ಈಜುಕೊಳ ಮಾಡುತ್ತೇನೆ ಎಂದು ಹೇಳಿದಾಗ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇರೆಯವರ ಗಂಡಂದಿರು ನಿವೃತ್ತರಾದರೆ ಮಾರ್ಕೆಟ್ಟಿನಿಂದ ತರಕಾರಿಯನ್ನಾದರೂ ತರುತ್ತಾರೆ ಎಂದಳು.

ಕೊಳ ಬೇಕಾಗಿದ್ದದ್ದು ನನಗಲ್ಲ, ಗೌರಕ್ಕನಿಗೆ. ಗೌರಕ್ಕ ನನ್ನ ಸ್ವಂತ ಅಕ್ಕ. ರೈಲ್ವೆಯಲ್ಲಿದ್ದ ಭಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ.

ನಮ್ಮೂರು ಗದಗಿನ ಕಡೆ. ಹೊಲದಲ್ಲಿ ಮೆಟ್ಟಿಲಿದ್ದ ದೊಡ್ಡ ಬಾವಿಯೊಂದಿತ್ತು. ಹುಡುಗರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಅದರಲ್ಲಿ ಈಜು ಕಲಿಯುತ್ತಿದ್ದರು. ಹುಡುಗಿಯರ ಪೈಕಿ ನೀರಿಗೆ ಬೀಳುತ್ತಿದ್ದವಳು ಗೌರಕ್ಕ ಒಬ್ಬಳೇ. ಲಂಗವನ್ನು ಕಚ್ಚೆಯಂತೆ ಸಿಕ್ಕಿಸಿಕೊಂಡು ಬಾವಿಯ ಕಟ್ಟೆಯ ಮೇಲಿಂದ ಹಾರಿದಳೆಂದರೆ, ಎದುರು ಗೋಡೆ ಮುಟ್ಟಿ ಬರುವವರೆಗೆ ತಲೆ ಎತ್ತುತ್ತಿರಲಿಲ್ಲ. ನಾನೋ ಬುರುಡೆ ಬಿಟ್ಟು ನೀರಿಗಿಳಿಯಲು ಒಪ್ಪದ ಪುಕ್ಕಲ. ಒಂದು ದಿನ ಅವಳು ಹಿಂದಿನಿಂದ ಬಂದು ಬುರುಡೆಯ ಹಗ್ಗ ಬಿಚ್ಚಿ ನನ್ನನ್ನು ತಳ್ಳಿಯೇಬಿಟ್ಟಳು. ಒಂದಿಷ್ಟು ನೀರು ಕುಡಿದು ಮೇಲೆ ಬರುವಷ್ಟರಲ್ಲಿ ಪಕ್ಕದಲ್ಲಿ ಅವಳೂ ಇದ್ದಳು. ನನಗೆ ಈಜು ಬಂದದ್ದು ಹಾಗೆ. ನನ್ನ ಒಪ್ಪಿಗೆಯನ್ನು ಅವಳೇನೂ ಕೇಳಿರಲಿಲ್ಲ.

ಅವಳು ದೊಡ್ಡವಳಾದದ್ದೇ ತಡ, ಅಜ್ಜಿ ಬಾವಿಯ ಈಜಾಟ ಬಂದ್ ಮಾಡಿಸಿದಳು. ಆಮೇಲೆ ಅಕ್ಕ ಬಾವಿಗೆ ಹೋಗುತ್ತಿದ್ದದ್ದು ಕೊಡ ಹಿಡಿದುಕೊಂಡು ಮಾತ್ರ. ಮದುವೆಯಾಗಿ ಇದೇ ಚೆನ್ನೈಯ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿಗೆ ಬಂದಮೇಲೂ ಆ ಕೊಡ ಕೈ ಬಿಡಲಿಲ್ಲ, ಹಿತ್ತಾಳೆಯದು ಹೋಗಿ ಪ್ಲಾಸ್ಟಿಕ್ಕಿನದಾಯಿತು ಅಷ್ಟೇ. ತಣ್ಣಿ ಲಾರಿ, ಅಂದರೆ ನೀರಿನ ಲಾರಿಯ ಹಾರ್ನು ಕೇಳಿಸಿದರೆ ಒಲೆಯ ಮೇಲೆ ಹಾಲಿಟ್ಟಿದ್ದರೂ ಓಡಬೇಕು. ನೌಕರಿ ಸಿಕ್ಕಿ ಈ ಊರಿಗೆ ಬಂದಾಗ ನಾನು ಮೊದಲು ಉಳಿದದ್ದು ಅವಳ ಮನೆಯಲ್ಲೇ. ಒಗ್ಗರಣೆ ಸೌಟೊಂದನ್ನು ಬಿಟ್ಟು ಆ ಮನೆಯ ಎಲ್ಲ ಪಾತ್ರೆಗಳಲ್ಲೂ ನೀರು ತುಂಬಿರುತ್ತಿತ್ತು. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದದ್ದು ನೆಲಕ್ಕೆ, ಕೊನೆಗೆ ಉಳಿದದ್ದು ಕರಿಬೇವಿನ ಗಿಡಕ್ಕೆ. ನಾನು ಸ್ನಾನಕ್ಕಿಳಿದರೆ ಬಚ್ಚಲಿನ ಬಾಗಿಲ ಹೊರಗೆ ನಿಂತು ಚೊಂಬಿನ ಸದ್ದಿಗೆ ಕಿವಿಗೊಟ್ಟಿರುತ್ತಿದ್ದಳು. ಸೋಪಿನ ನೊರೆ ಇನ್ನೂ ಕಿವಿಯ ಹಿಂದೆ ಇರುವಾಗಲೇ ಹೊರಗಿನಿಂದ "ತಮ್ಮಾ, ಸಾಕು" ಎಂದು ಕೇಳಿಸುತ್ತಿತ್ತು. ಬಾವಿಯಲ್ಲಿ ತಲೆ ಎತ್ತದೆ ಈಜುತ್ತಿದ್ದವಳು ಇವಳೇನಾ ಎಂದು ನನಗೆ ಆಗಲೂ ಅನ್ನಿಸುತ್ತಿತ್ತು, ಆದರೆ ನೊರೆ ಒರೆಸಿಕೊಂಡು ಹೊರಗೆ ಬರುತ್ತಿದ್ದೆ.

ಹೀಗಿರುವಾಗ, ನಮ್ಮ ಮನೆಗೆ ಬಂದ ಮೇಲೆ, ಒಂದು ಮಧ್ಯಾಹ್ನ ಟಿವಿಯಲ್ಲಿ ಎಲ್ಲಿಯದೋ ಈಜುಪಂದ್ಯ ಬರುತ್ತಿತ್ತು. ಮೆಂತ್ಯಸೊಪ್ಪು ಸೋಸುತ್ತಿದ್ದ ಅಕ್ಕ ಸೊಪ್ಪನ್ನು ಮರೆತು ನೋಡುತ್ತ ಕುಳಿತಳು. "ನೀರಾಗ ಬಿದ್ರ ನನಗಿನ್ನೂ ಬರತೈತಿ ತಮ್ಮಾ. ಕೈಕಾಲು ಮರಿಯಂಗಿಲ್ಲ," ಎಂದಳು. ಅವಳಾಗಿ ಬೇಡಿದ್ದಲ್ಲ, ಸುಮ್ಮನೆ ಆಡಿದ ಮಾತು. ಆದರೆ ನನಗದು ಒಳಗೆ ಕೂತುಬಿಟ್ಟಿತು. ಗೌರಕ್ಕ ಇನ್ನೊಂದು ಸಲ ಈಜಬೇಕು, ನಾನದನ್ನು ನೋಡಬೇಕು.

ಈ ಊರಲ್ಲಿ ಈಜುಕೊಳಗಳು ಇಲ್ಲದೇ ಇಲ್ಲ. ಆದರೆ ಅಲ್ಲಿ ಮೈಗಂಟುವ ಬಟ್ಟೆ ಕಡ್ಡಾಯ, ತಲೆಗೆ ರಬ್ಬರಿನ ಟೋಪಿ. ಇದನ್ನು ಕೇಳಿ ಅಕ್ಕ ಬಹಳ ಹೊತ್ತು ನಕ್ಕಳು. ಸಮುದ್ರವಂತೂ ನಮ್ಮಂಥವರಿಗೆ ಸೀರೆಯಂಚು, ಪ್ಯಾಂಟಿನ ತುದಿ ತೋಯಿಸಿಕೊಳ್ಳುವುದಕ್ಕೆ ಮಾತ್ರ. ಹಾಗಾಗಿ ನಾನು ಮೊಬೈಲಿನಲ್ಲಿ ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕೊಳ ಮಾಡಿಕೊಳ್ಳುವ ವಿಡಿಯೋಗಳನ್ನು ನೋಡಲು ಹಿಡಿದೆ. ಗುಂಡಿ ತೋಡಿ ತಾಡಪತ್ರಿ ಹಾಸುವುದು, ಒಂದು ಬದಿಗೆ ಜಲ್ಲಿ ತುಂಬಿ ಗಿಡ ನೆಡುವುದು, ಸಣ್ಣ ಪಂಪಿನಿಂದ ನೀರನ್ನು ಆ ಜಲ್ಲಿಯ ಮೂಲಕ ಸುತ್ತಿಸುವುದು. ಗಿಡದ ಬೇರುಗಳೇ ನೀರನ್ನು ತಿಳಿ ಮಾಡುತ್ತವೆ. ಪ್ರತಿ ವಿಡಿಯೋದ ಕೊನೆಗೂ ಯಾರೋ ದಡದಿಂದ ಓಡಿಬಂದು ಧುಮುಕುತ್ತಿದ್ದರು. ಧುಮುಕುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವೆಂದು ಒಬ್ಬನೂ ಹೇಳಲಿಲ್ಲ.

ಕರೆತಂದ ಮೇಸ್ತ್ರಿ, ಮೀನು ಸಾಕಲಿಕ್ಕೋ ಸೆಪ್ಟಿಕ್ ಟ್ಯಾಂಕಿಗೋ ಎಂದು ಕೇಳಿದ. ನಮ್ಮ ಅಕ್ಕನಿಗೆ ಈಜಲು ಎಂದಾಗ ಪಂಚೆ ಮೇಲೆ ಕಟ್ಟಿ ಹಾರೆ ಎತ್ತಿಕೊಂಡ. ಇಲ್ಲಿಯದು ಮರಳುಮಣ್ಣು, ತೋಡಿದಷ್ಟೂ ಕುಸಿಯುತ್ತದೆ. ಖಾಲಿ ಸಿಮೆಂಟ್ ಚೀಲಗಳಿಗೆ ಅದೇ ಮರಳನ್ನು ತುಂಬಿ, ಒಂದು ಬದಿಗೆ ಮೆಟ್ಟಿಲಾಗುವಂತೆ, ಸುತ್ತ ಪೇರಿಸಿದೆವು. ಮೇಲೆ ಲಾರಿಗೆ ಹೊದಿಸುವ ತಾಡಪತ್ರಿ ಹಾಸಿದೆವು. ಅಷ್ಟರಲ್ಲಿ ಅಕಾಲದ ಮಳೆಯೊಂದು ಬಂದು, ನೆಲದಡಿಯ ನೀರು ಮೇಲೆದ್ದು, ಮರುದಿನ ನೋಡಿದರೆ ತಾಡಪತ್ರಿ ಪೂರಿಯ ಹಾಗೆ ಉಬ್ಬಿ ಕುಳಿತಿತ್ತು. ನಾನು ಬಿದಿರಿನ ಗಳದಿಂದ ಒಂದು ಬದಿಗೆ ಒತ್ತಿದರೆ ಇನ್ನೊಂದು ಬದಿಗೆ ಏಳುವುದು. ಹೆಂಡತಿ ಅದರ ಫೋಟೋ ತೆಗೆದು ತನ್ನ ತವರಿನವರಿಗೆಲ್ಲ ಕಳಿಸಿದಳು. ಕೊನೆಗೆ ಆಳ ಕಮ್ಮಿ ಮಾಡಿ, ಎದೆಮಟ್ಟದ ನೀರು ಸಾಕೆಂದು ಮತ್ತೆ ಹಾಸಿದೆವು. ಅಂಚಿಗೆ ಲಾವಂಚ, ಜೊಂಡು, ಒಂದಿಷ್ಟು ನೈದಿಲೆ.

ತಮಿಳರ ಐಪ್ಪಸಿ ತಿಂಗಳ, ಅಂದರೆ ನಮ್ಮ ದೀಪಾವಳಿ ಹೊತ್ತಿನ ಮಳೆ ಹಿಡಿಯಿತು. ತಾರಸಿಯ ಪೈಪನ್ನು ಕೊಳಕ್ಕೆ ತಿರುಗಿಸಿದ್ದೆ. ಅಕ್ಕ ಹಿತ್ತಿಲ ಬಾಗಿಲಲ್ಲಿ ಕೊಡೆ ಹಿಡಿದುಕೊಂಡು ನೀರೇರುವುದನ್ನೇ ನೋಡುತ್ತಿದ್ದಳು, ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ನೀರು ತಿಳಿಯಾಗಿ ತಳ ಕಂಡಿತು. ಹೆಂಡತಿ ಹಳೆಯ ನೂಲಿನ ಸೀರೆಯಲ್ಲಿ ಕಣಕಾಲಿನವರೆಗೆ ಬರುವ ಸಡಿಲ ಅಂಗಿಯೊಂದನ್ನು ಹೊಲಿದಳು. ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆ ಕಾಣದಂತೆ ನಾನು ಬಿದಿರಿನ ತಟ್ಟಿ ಕಟ್ಟಿಸಿದೆ. ಇನ್ನು ಇಳಿಯುವುದೊಂದೇ ಬಾಕಿ.

ಆಗ ನನಗೊಂದು ಬುದ್ಧಿ ಹೊಳೆಯಿತು. ನಮ್ಮ ಕಡೆ ಹೊಸ ಬಾವಿಗೆ ನೀರು ಬಂದರೆ ಗಂಗಿಪೂಜೆ ಮಾಡುತ್ತಾರೆ. ಅಕ್ಕನಿಗೆ ಖುಷಿಯಾಗಲಿ, ಪೂಜೆ ಮಾಡಿಯೇ ನೀರಿಗಿಳಿಯಲಿ ಎಂದುಕೊಂಡು ನಾನೇ ಹೂವು, ಹಸಿರು ಬಳೆ, ಕುಪ್ಪಸದ ಕಣ ತಂದುಕೊಟ್ಟೆ. ಅಕ್ಕ ಹೋಳಿಗೆ ಮಾಡಿದಳು. ಕೊಳದ ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚಿ ನೀರಿಗೆ ಕೈಮುಗಿದಳು, ತನ್ನ ಕೊಡ ತುಂಬಿಕೊಂಡು ಒಳಗೆ ಒಯ್ದಳು. ನಾನು ಟವೆಲ್ಲು ಹಿಡಿದುಕೊಂಡು ಕಾದೆ. ಅವಳು ಬರಲಿಲ್ಲ. ಹೋಗಿ ನೋಡಿದರೆ ಹಬ್ಬದ ಸೀರೆಯಲ್ಲೇ ಎಲೆ ಹಾಕುತ್ತಿದ್ದಳು.

"ಈಗ ಯಾಕ ಈಸೋದು ತಮ್ಮಾ? ಬ್ಯಾಸಿಗಿ ಎದುರಿಗೆ ಐತಿ. ಗಂಗವ್ವ ಮನಿಗೆ ಬಂದಾಳ, ಆಕಿ ಮ್ಯಾಲೆ ಕಾಲಿಡೋದು ಬ್ಯಾಡ. ಮುಂದ ಮಳಿ ಬಂದು ಮತ್ತ ತುಂಬಲಿ, ಆವಾಗ ಈಸ್ತೀನಿ."

ನಾನು ತಿಳಿಸಿ ಹೇಳಿದೆ. ಈಜಿದರೆ ನೀರೇನೂ ಖರ್ಚಾಗುವುದಿಲ್ಲ, ಗಿಡಗಳು ತೊಳೆದುಕೊಡುತ್ತವೆ ಎಂದೆ. ಅಕ್ಕ ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರಿಸುವ ನನ್ನ ಮಗಳು ಅನು ಕೂಡ, "ತಣ್ಣಿ ಎಂಗೇಯುಂ ಪೋಗಾದು ಅತ್ತೆ," ನೀರೆಲ್ಲಿಗೂ ಹೋಗುವುದಿಲ್ಲ ಎಂದು ಗೋಗರೆದಳು. ಅಕ್ಕ ಎಲ್ಲ ಕೇಳಿಕೊಂಡಳು, ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ಬಾವಿಯ ಹುಡುಗಿಗಾಗಿ ನಾನು ಕೊಳ ತೋಡಿದ್ದೆ, ಅದರ ದಡಕ್ಕೆ ಬಂದು ನಿಂತವಳು ಪೆರಂಬೂರಿನ ಕೊಡದ ಹೆಂಗಸು. ಆಯಿತು, ಮುಂದಿನ ಮಳೆ ಎಷ್ಟು ದೂರ ಎಂದು ನಾನೂ ಟವೆಲ್ಲು ಮಡಚಿಟ್ಟು ಎಲೆಯ ಮುಂದೆ ಕುಳಿತೆ.

ಆ ಬೇಸಿಗೆ ನಿಜಕ್ಕೂ ಕೆಟ್ಟದಾಗಿತ್ತು. ಗಲ್ಲಿಯ ಬೋರುಗಳೆಲ್ಲ ಉಪ್ಪಾದವು, ಲಾರಿ ಹೇಳಿದ ದಿನ ಬರುತ್ತಿರಲಿಲ್ಲ. ಅಕ್ಕ ಹಿತ್ತಿಲ ಗೇಟು ತೆಗೆಸಿ ಕುರ್ಚಿ ಹಾಕಿಕೊಂಡು ಕುಳಿತಳು. ಪಾತ್ರೆ ಬಟ್ಟೆಗಾದೀತೆಂದು ಗಲ್ಲಿಯ ಹೆಂಗಸರಿಗೆ ಮನೆಗೊಂದು ಕೊಡ ಕೊಳದ ನೀರು. ಸಾಲು ತಪ್ಪಿದವರನ್ನು ಗದಗಿನ ರಾಗದ ತಮಿಳಿನಲ್ಲಿ ಗದರುತ್ತಿದ್ದಳು, ಅವರೂ ನಗುತ್ತ ಗದರಿಸಿಕೊಳ್ಳುತ್ತಿದ್ದರು. ಅವಳನ್ನು ಅಷ್ಟು ಸಂತೋಷದಲ್ಲಿ ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದ ನೀರು ಆಡಿ ತಿಂಗಳಿಗೆ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ತಾಡಪತ್ರಿಯ ಮಡಿಕೆಗಳಲ್ಲಿ ಮಾತ್ರ ಉಳಿಯಿತು. ಅಕ್ಕನ ಮಾತೇ ಸರಿಯಾಯಿತಲ್ಲ ಎಂದು ಮನೆಯವರೆಲ್ಲ ಒಪ್ಪಿದೆವು.

ಆಡಿ ಮುಗಿಯುವುದರೊಳಗೆ ಅಕ್ಕನಿಗೆ ಲಕ್ವ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ, ಮಾತೂ ಉಳಿಯಿತು. ಕೋಲು ಹಿಡಿದು ನಡೆಯುವಷ್ಟು ಕಾಲು ಬಂತು. ಎಡಗೈ ಮಾತ್ರ ಬರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಕೊಳ ತುಂಬಿ ಹೊರಗೆ ಹರಿಯಿತು. ಒಂದು ಬೆಳಗ್ಗೆ ಅಕ್ಕ ತಾನೇ ಆ ಸಡಿಲ ಅಂಗಿ ಕೇಳಿ ಹಾಕಿಸಿಕೊಂಡಳು. ನಾನೂ ಹೆಂಡತಿಯೂ ಎರಡೂ ಕಡೆ ಹಿಡಿದು ಇಳಿಸಿದೆವು. ನೀರು ಎದೆಗೆ ಬಂದಾಗ ಅವಳ ಮುಖ ಎಳೆಯದಾದದ್ದನ್ನು ನಾನು ಕಣ್ಣಾರೆ ಕಂಡೆ. ಕೈ ಬಿಡು ಎಂದಳು. ಬಿಟ್ಟೆವು. ಬಲಗೈ ಬೀಸಿದಳು, ಸರಿಯಾಗಿಯೇ ಬೀಸಿದಳು. ಆದರೆ ಎಡಕ್ಕೆ ವಾಲಿ, ಮುಖ ಒಳಗೆ ಹೋಗಿ, ನೀರು ಕುಡಿದಳು. ನಾನು ಎತ್ತಿ ನಿಲ್ಲಿಸಿದೆ. ಕೆಮ್ಮು ನಿಂತ ಮೇಲೆ ನನ್ನ ಭುಜ ಹಿಡಿದುಕೊಂಡು, ಯಾವ ದೂರೂ ಇಲ್ಲದ ದನಿಯಲ್ಲಿ, "ಹೋದ ವರ್ಷ ಬರತಿತ್ತು ತಮ್ಮಾ," ಎಂದಳು.

ಮೇಲೆ ಬಂದು, ತೊಯ್ದ ಅಂಗಿಯನ್ನು ಕರಿಬೇವಿನ ಗಿಡದ ಬುಡದಲ್ಲೇ ಹಿಂಡಿಸಿದಳು.

ನಾನು ಬಚ್ಚಲಿಗೆ ಹೋಗಿ ಅತ್ತೆ. ಆ ಸಂಕ್ರಾಂತಿಯ ದಿನ ಹೋಳಿಗೆ, ಹಬ್ಬದ ಸೀರೆ ಯಾವುದನ್ನೂ ನೋಡದೆ ಅವಳನ್ನು ಎಳೆತಂದು ತಳ್ಳಿಬಿಡಬೇಕಿತ್ತು. ಬೈಯುತ್ತಿದ್ದಳು, ಬೈಯುತ್ತಲೇ ಆಚೆ ದಡ ಮುಟ್ಟುತ್ತಿದ್ದಳು. ಆದರೆ ಅವಳ ಬೇಸಿಗೆಯ ಹೆದರಿಕೆ ಸುಳ್ಳಾಗಿರಲಿಲ್ಲವಲ್ಲ. ಗಲ್ಲಿಯ ಅಷ್ಟು ಮನೆಗಳಿಗೆ ಆ ನೀರು ಬೇಕಾಗಿತ್ತಲ್ಲ. ಯಾರನ್ನು ದೂರಲಿ? ಒಂದೇ ಒಂದು ದಿನ, ಒಂದೇ ಒಂದು ಸಲ ಈಜಿದ್ದರೆ ಯಾರ ಕೊಡವೂ ಖಾಲಿಯಾಗುತ್ತಿರಲಿಲ್ಲ ಎಂಬುದಷ್ಟೇ ನನ್ನ ಹಳಹಳಿ. ಅಂದಿನಿಂದ ನಾನೂ ಕೊಳಕ್ಕೆ ಇಳಿದಿರಲಿಲ್ಲ. ಅವಳೆದುರು ಹೇಗೆ ಇಳಿಯಲಿ ಹೇಳಿ. ನೀರಿದೆ, ಗುಪ್ಪಿ ಮೀನುಗಳಿವೆ, ನೈದಿಲೆ ಹೂ ಬಿಡುತ್ತದೆ.

ಉಳಿದ ಅರ್ಧ ಲೋಟ ನೀರನ್ನು ಗಿಡಕ್ಕೆ ಹಾಕೋಣವೆಂದು ಇವತ್ತು ಹಿತ್ತಲಿಗೆ ಹೋದೆ. ಅಕ್ಕ ತೆಂಗಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಳು. ಹೀಗೆ ನೀರನ್ನು ಎಷ್ಟು ದಿನ ನೋಡುತ್ತೀ, ನೀನಾದರೂ ಈಜಬಾರದೇ ಎಂದಳು. ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿ ನಾಚಿಕೆಯಾಯಿತು: "ಬ್ಯಾಸಿಗಿ ಐತಲ್ಲ ಅಕ್ಕಾ, ನೀರು ಇರ್ಲಿ."

"ಅದನ್ನ ನಾನೂ ಅಂದಿದ್ದೆ," ಎಂದಳು. "ಇಳಿ."

ಇಳಿದೆ. ಬಿಸಿಲಿಗೆ ಮೇಲಿನ ನೀರು ಬೆಚ್ಚಗಿತ್ತು, ಕಾಲಡಿಯದು ತಣ್ಣಗಿತ್ತು. ಹಿತ್ತಲಿನ ಆ ಪುಟ್ಟ ಕೊಳದಲ್ಲಿ ನಾನು ಸದ್ದಾಗದಂತೆ, ಒಂದು ಹನಿಯೂ ದಡಕ್ಕೆ ಚೆಲ್ಲದಂತೆ, ಮೈ ಬಿಗಿಹಿಡಿದುಕೊಂಡು ಈಜಿದೆ. ಗೌರಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಲಗೈಯಿಂದ ಕೋಲನ್ನು ನೆಲಕ್ಕೆ ಕುಟ್ಟಿದಳು.

"ಹಂಗಲ್ಲೋ. ಕಾಲು ಬಡಿ, ಜೋರಾಗಿ ಬಡಿ. ನೀರು ಚಲ್ಲಿದ್ರ ಚಲ್ಲಲಿ."