ಮುಖ ನನ್ನದು, ಚಿತ್ರ ಮೊಮ್ಮಗಳದ್ದು

“ಇಲ್ಲೊಂದು ಸೈನ್ ಹಾಕಿ ಬಿಡು ಮಗಾ” ಎಂದು ವಿಟ್ಲದ ಹಪ್ಪಳದ ಧಣಿ ನನ್ನ ಮೊಮ್ಮಗಳತ್ತ ಕಾಗದ ಚಾಚಿದರು. ಅವರ ಪ್ಯಾಕೆಟಿಗೆಂದು ಕಾಲೇಜು ಓದುವ ಅವಳು ಹಲ್ಲಿಲ್ಲದ ನನ್ನ ನಗುಮುಖವನ್ನೇ ಬಿಡಿಸಿದ್ದಳು. ಅವಳು ಕಾಗದ ಪೂರ್ತಿ ಓದಿ, “ಚಿತ್ರದ ಹಕ್ಕೆಲ್ಲ ನಿಮಗೇ ಅಂತ ಉಂಟು. ನಾನು ಕೊಡುವುದು ಹಪ್ಪಳಕ್ಕೆ ಮಾತ್ರ. ಉಪ್ಪಿನಕಾಯಿಗೆ ಹಾಕುವುದಾದರೆ ಪುನಃ ನನ್ನನ್ನು ಕೇಳಬೇಕು” ಎಂದಳು.

ಧಣಿ ನನ್ನತ್ತ ತಿರುಗಿದರು. “ಮುಖ ನಿಮ್ಮದಲ್ವಾ ಅಜ್ಜಿ, ನೀವಾದರೂ ಹೇಳಿ.”

“ಮುಖ ನನ್ನದೇ ಮಾರಾಯ್ರೆ, ಚಿತ್ರ ಅವಳದ್ದು. ಇನ್ನು ನಾನೂ ಅವಳನ್ನು ಕೇಳಿಯೇ ನಗಬೇಕೋ ಏನೋ.”

ಧಣಿ ಆ ಸಾಲನ್ನು ಹೊಡೆದು ಹಾಕಿ, ‘ಹಪ್ಪಳಕ್ಕೆ ಮಾತ್ರ’ ಎಂದು ಬರೆದರು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ತೋರಿಸಿದಲ್ಲೆಲ್ಲ ರುಜು ಹಾಕಿದವಳು. ನಮ್ಮ ಮನೆಯಲ್ಲಿ ಕಾಗದ ಓದಿ, ‘ಆಗುವುದಿಲ್ಲ’ ಎಂದವಳು ಇವಳೇ ಮೊದಲು. ಮೂಡುಬಿದಿರೆಯ ತಂಗಿಗೆ ಫೋನಿನಲ್ಲಿ ಇದನ್ನು ಮೂರು ಸಲ ಹೇಳಿದೆ. ಅವಳಿಗೆ ಕೇಳಿ ಸಾಕಾಗಿದೆ, ನನಗೆ ಹೇಳಿ ಸಾಕಾಗಿಲ್ಲ.